ಸರ್ಕಾರವೇ ಲೈಸೆನ್ಸ್ ಕೊಟ್ಟು ಕ್ಯಾಸಿನೊ, ಆನ್‌ಲೈನ್ ಜೂಜನ್ನು ಖಾಸಗಿಯವರಿಗೆ ಬಿಟ್ಟರೆ, ಬಜೆಟ್ ಹಾಕಿಕೊಂಡು ಆಡುವವನಿಗೆ ಏನು ತೊಂದರೆ?

"ನನ್ನ ಬಜೆಟ್ 20,000, ಅದರಾಚೆ ಒಂದು ರೂಪಾಯಿ ಮುಟ್ಟೋದಿಲ್ಲ" ಎಂದು ಈ ಪ್ರಶ್ನೆಯ ಜೊತೆ ನೀವು ಬರೆದ ಸಾಲನ್ನು ಎರಡು ಸಲ ಓದಿದೆ. 2018ರ ಫೆಬ್ರವರಿಯಲ್ಲಿ ನಾನೂ ಇಷ್ಟೇ ದುಡ್ಡು, ಇದೇ ಮಾತು ಇಟ್ಟುಕೊಂಡು ಬೆಳಗಾವಿಯಿಂದ ಹೊರಟಿದ್ದೆ. ಫಿಲಿಪ್ಪೀನ್ಸ್ ಸರ್ಕಾರ ತನ್ನ ಕ್ಯಾಸಿನೊಗಳನ್ನು ಖಾಸಗಿಯವರಿಗೆ ಮಾರುವ ಸುದ್ದಿಯನ್ನು ನೀವು ಉದಾಹರಣೆ ಕೊಟ್ಟಿದ್ದೀರಿ, ತೆರಿಗೆ ಕಟ್ಟಿ ಆಡ್ತೀನಿ ಅಂದಿದ್ದೀರಿ. ಅವಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ 20,000ದ ಲೆಕ್ಕ ಮುಗಿಸೋಣ. ನಾನು ಮುಳುಗಿದ್ದು ಅದರಲ್ಲೇ.

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಶನಿವಾರ ಕೆಲಸ ಮುಗಿಸಿ ಮೂವರು ಗೆಳೆಯರು ಕಾರಿನಲ್ಲಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ರಾತ್ರಿ ಒಂಬತ್ತಕ್ಕೆ ಪಣಜಿ ಜೆಟ್ಟಿ. ಅಲ್ಲಿಂದ ಸಣ್ಣ ದೋಣಿಯಲ್ಲಿ ಮಾಂಡವಿ ನದಿಯ ಹಡಗಿಗೆ. "ಸರ್ಕಾರಿ ಲೈಸೆನ್ಸ್ ಐತಿ, ನಮ್ಮೂರ ಇಸ್ಪೀಟ್ ಅಡ್ಡಾದಾಗಿನ ಗತೆ ಮೋಸ ಇರಂಗಿಲ್ಲ" ಅಂದಿದ್ದ ಗೆಳೆಯ. ಅವನು ಹೇಳಿದ್ದು ನಿಜವೇ ಆಗಿತ್ತು. ಡೀಲರ್ ಹುಡುಗಿ ಪಾಳಿ ಮುಗಿದಾಗಲೆಲ್ಲ ಎರಡೂ ಅಂಗೈ ತಟ್ಟಿ, ಮೇಲಿನ ಕ್ಯಾಮೆರಾ ಕಡೆ ತಿರುವಿ ತೋರಿಸಿ, ಆಮೇಲೆ ಮೇಜು ಬಿಟ್ಟು ಏಳುತ್ತಿದ್ದಳು. ದುಡ್ಡಿನ ಬದಲು ಆಡುವ ಬಿಲ್ಲೆ, ಅಂದರೆ ಚಿಪ್, ಒಂದೂ ಅವಳ ಕೈಯಲ್ಲಿ ಹೋಗದಂತೆ ಅಷ್ಟು ಕಟ್ಟುನಿಟ್ಟು. ನನ್ನ ದುಡ್ಡು ಹೋದದ್ದು ಮೋಸದಿಂದಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತಿದ್ದೇನೆ. ಲೈಸೆನ್ಸ್ ಮೋಸವನ್ನು ತಡೆಯುತ್ತದೆ. ಸೋಲನ್ನು ತಡೆಯುವುದಿಲ್ಲ.

ಹೋಗುವ ಮೊದಲು ಓದಿಕೊಂಡೇ ಹೋಗಿದ್ದೆ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಗುಳಿಗೆ ಬೀಳುತ್ತದೆ ಎಂದು ಪಣ ಕಟ್ಟುವ ಆಟ. ಚಕ್ರದಲ್ಲಿ 1ರಿಂದ 36 ಮತ್ತು ಒಂದು ಸೊನ್ನೆ, ಒಟ್ಟು 37 ಗುಳಿ. ಒಂದು ಅಂಕಿಯ ಮೇಲೆ 100 ಇಟ್ಟು ಗೆದ್ದರೆ ಆ 100ರ ಜೊತೆ 3,500 ಕೊಡುತ್ತಾರೆ. ಸರಿಸಮ ಆಟವಾಗಿದ್ದರೆ 3,600 ಕೊಡಬೇಕಿತ್ತು. ಕೆಂಪು-ಕಪ್ಪು ಆಡಿದರೂ ಅಷ್ಟೇ: 18 ಗುಳಿ ನಿಮ್ಮವು, 19 ಅವರವು. ಈ ಒಂದು ಗುಳಿಯ ವ್ಯತ್ಯಾಸವೇ ಕ್ಯಾಸಿನೊದ ಪಾಲು, ನೂರಕ್ಕೆ 2.7. ಎರಡು ಸೊನ್ನೆ ಇರುವ ಚಕ್ರವೂ ಇದೆ, ಅಲ್ಲಿ ಪಾಲು 5.26. ನಾನು ಒಂದು ಸೊನ್ನೆಯ ಮೇಜನ್ನೇ ಹುಡುಕಿ ಕೂತೆ. ನನ್ನ ಲೆಕ್ಕ ಹೀಗಿತ್ತು: 20,000ಕ್ಕೆ 2.7 ಅಂದರೆ 540 ರೂಪಾಯಿ. ರಾತ್ರಿಯಿಡೀ ಮನರಂಜನೆಗೆ 540 ಹೆಚ್ಚೇನಲ್ಲ.

ತಪ್ಪಿದ್ದು ಇಲ್ಲೇ. ನೂರಕ್ಕೆ 2.7 ನಿಜ, ಆದರೆ ಯಾವ ನೂರಕ್ಕೆ? ನಾನು ಜೇಬಿನಲ್ಲಿ ತಂದ ನೂರಕ್ಕೆ ಅಂದುಕೊಂಡಿದ್ದೆ. ಅದು ಮೇಜಿನ ಮೇಲೆ ಇಟ್ಟ ಪ್ರತಿ ನೂರಕ್ಕೆ. ಎಪಿಎಂಸಿಯಲ್ಲಿ ಒಂದೇ ಉಳ್ಳಾಗಡ್ಡಿ ಚೀಲವನ್ನು 40 ಸಲ ಮಾರಿ 40 ಸಲ ಕೊಂಡರೆ ದಲಾಲಿ 40 ಸಲ ಬೀಳುತ್ತದಲ್ಲ, ಹಾಗೆ. ಚಕ್ರ ಗಂಟೆಗೆ ಸುಮಾರು 40 ಸಲ ತಿರುಗುತ್ತಿತ್ತು. ಒಂದು ಸಲಕ್ಕೆ 500 ಇಟ್ಟರೆ ಗಂಟೆಗೆ 20,000 ಮೇಜಿನ ಮೇಲೆ ಓಡಿತು. ಅಂದರೆ ನಾನು ಇಡೀ ರಾತ್ರಿಗೆ ಅಂದುಕೊಂಡ 540 ಒಂದು ಗಂಟೆಯ ಬಾಡಿಗೆ. ಎಂಟು ತಾಸು ಕೂತೆ. ನಡುರಾತ್ರಿ ಕಳೆದ ಮೇಲೆ 500 ಇಡುವ ಕೈ 1,000 ಇಡತೊಡಗಿತು. ನಾಲ್ಕು ತಾಸಿಗೆ 80,000, ಮುಂದಿನ ನಾಲ್ಕು ತಾಸಿಗೆ 1,60,000. ಒಟ್ಟು ವಹಿವಾಟು 2,40,000, ಅದರ ಮೇಲೆ ಕ್ಯಾಸಿನೊದ ಪಾಲು ಸರಾಸರಿ 6,480. ವರ್ಷಗಟ್ಟಲೆ ಟರ್ನೋವರ್ ಬೇರೆ, ಬಂಡವಾಳ ಬೇರೆ ಅಂತ ಬರೆದ ಕೈ ನನ್ನದು. ಆ ಮೇಜಿನ ಮುಂದೆ ಎರಡನ್ನೂ ಒಂದೇ ಮಾಡಿಕೊಂಡೆ.

ಬಜೆಟ್ ಇಟ್ಟವನನ್ನು ಬಜೆಟ್ ಯಾಕೆ ಕಾಯೋದಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಮೊದಲ ಗಂಟೆ ಮುಗಿದಾಗ ಸರಾಸರಿ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿ 19,460ರ ಚಿಪ್ಪು ಇನ್ನೂ ಇರುತ್ತದೆ. ಬಜೆಟ್ ಮುಟ್ಟಿಯೇ ಇಲ್ಲ ಅನ್ನಿಸುತ್ತದೆ, ಏಳಲು ಕಾರಣವೇ ಸಿಗೋದಿಲ್ಲ. ನಿಜದಲ್ಲಿ 20,000ದ ಆಟ ಆಗಲೇ ಆಡಿ ಮುಗಿದಿರುತ್ತದೆ. ಮಿತಿ ಹಾಕುವುದಾದರೆ ಇಡುವ ಸಲಗಳಿಗೆ ಹಾಕಬೇಕು: 500ರಂತೆ 40 ಸಲ, ಕೈಯಲ್ಲಿ ಎಷ್ಟೇ ಇರಲಿ ಏಳಬೇಕು. ಹಾಗೆ ಎದ್ದವರನ್ನು ನಾನು ಆ 14 ತಿಂಗಳಲ್ಲಿ ಒಬ್ಬರನ್ನೂ ಕಾಣಲಿಲ್ಲ.

ಹೌದು, 14 ತಿಂಗಳು. ಮೊದಲ ರಾತ್ರಿ 11,000 ಗೆದ್ದು ಬಂದೆ, ಅದೇ ಕೆಟ್ಟದ್ದಾಯಿತು. ಆಮೇಲೆ ಒಟ್ಟು 19 ಸಲ ಹೋದೆ. ಪೆಟ್ರೋಲ್, ಪ್ರವೇಶದ ದುಡ್ಡು ಬಿಟ್ಟು ನನ್ನ ಡೈರಿಯಲ್ಲಿ ಬರೆದಿಟ್ಟ ಸೋಲು 1,41,500. ಸರಾಸರಿ ಲೆಕ್ಕಕ್ಕೆ ಹಿಡಿದರೆ 19 ಗುಣಿಸು 6,480, ಅಂದರೆ ಸುಮಾರು 1,23,000 ಹೋಗಬೇಕಿತ್ತು. ನನ್ನ ಅದೃಷ್ಟ ತೀರಾ ಕೆಟ್ಟಿತ್ತು ಅಂತೇನಲ್ಲ, ಹೋಗಬೇಕಾದದ್ದೇ ಹೋಯಿತು. ಪಂಚಮಿಗೆ ತವರಿಗೆ ಹೊರಟ ಹೆಂಡತಿ ಟಿಜೋರಿ ತೆಗೆದು "ನನ್ನ ಪಾಟ್ಲಿ ಎಲ್ಲಿ ಅದಾವ್ರೀ?" ಅಂದಾಗ ಆ ಬಂಗಾರದ ಬಳೆ ಸೊಸೈಟಿಯಲ್ಲಿ ಅಡವಿಟ್ಟ ಅಡಾ ರಸೀದಿ ತೆಗೆದು ಕೈಗೆ ಕೊಟ್ಟೆ. ಅವಳು ರಸೀದಿಯನ್ನು ಮಡಚಿ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಆ ಪಾಟ್ಲಿ ಬಿಡಿಸಲು ಎರಡು ವರ್ಷ ಹಿಡಿಯಿತು.

ಪ್ರವೇಶದ ಜೊತೆ ಪುಕ್ಕಟೆ ಚಿಪ್ ಕೊಡುತ್ತಾರೆ ಎಂದೂ ಬರೆದಿದ್ದೀರಿ. ಅದು ಒಂದೇ ಸಲ ಆಡುವ ಚಿಪ್. ಸೋತರೂ ಗೆದ್ದರೂ ಆ ಚಿಪ್ಪನ್ನು ತೆಗೆದುಕೊಂಡುಬಿಡುತ್ತಾರೆ. ಗೆದ್ದರೆ ಗೆಲುವಿನಷ್ಟು ಮಾತ್ರ ನಿಜವಾದ ಚಿಪ್ ಸಿಗುತ್ತದೆ. 1,000ದ ಅಂಥ ಚಿಪ್ಪನ್ನು ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಸಾಧ್ಯತೆ 37ರಲ್ಲಿ 18, ಹಾಗಾಗಿ ಅದರ ಬೆಲೆ 486 ರೂಪಾಯಿ. ಪ್ಯಾಕೇಜ್ ಅಗ್ಗವೋ ತುಟ್ಟಿಯೋ ನೋಡುವಾಗ ಅರ್ಧ ಬೆಲೆ ಹಿಡಿಯಿರಿ.

ಅಂದರ್ ಬಾಹರ್ (ತೆರೆದಿಟ್ಟ ಎಲೆಗೆ ಜೋಡಿ ಎಲೆ ಅಂದರ್, ಬಾಹರ್ ಯಾವ ಬದಿಗೆ ಬೀಳುತ್ತದೆ ಎಂಬ ಪಣ) ನಮ್ಮ ಕಡೆಯವರಿಗೆ ಗೊತ್ತಿರುವ ಆಟ, ಫಿಫ್ಟಿ-ಫಿಫ್ಟಿ ಅನ್ನುತ್ತಾರೆ. ಅಲ್ಲ. ಮೊದಲ ಎಲೆ ಅಂದರ್‌ಗೆ ಬಿದ್ದರೆ ಅಂದರ್ ಗೆಲ್ಲುವುದು ನೂರಕ್ಕೆ 51.5 ಸಲ. ಅದಕ್ಕೇ ಕ್ಯಾಸಿನೊದಲ್ಲಿ ಅಂದರ್‌ಗೆ 100 ಇಟ್ಟರೆ 90 ಕೊಡುವುದು ರೂಢಿ. 51.5 ಸಲ 90 ಬಂದರೆ 4,635, ಉಳಿದ 48.5 ಸಲ 100 ಹೋದರೆ 4,850. ನೂರು ಆಟಕ್ಕೆ 215 ಕೈಬಿಟ್ಟಿತು. ಬಾಹರ್‌ಗೆ ಪೂರ್ತಿ 100 ಕೊಡುತ್ತಾರೆ, ಅಲ್ಲಿ ನೂರು ಆಟಕ್ಕೆ 300 ಹೋಗುತ್ತದೆ. ಎಲೆ ಬೇಗ ಬೀಳುವ ಆಟ, ಗಂಟೆಗೆ ರೂಲೆಟ್‌ಗಿಂತ ಹೆಚ್ಚು ಸಲ ಇಡುತ್ತೀರಿ ಅನ್ನುವುದನ್ನು ಮರೆಯಬೇಡಿ.

ಇನ್ನು ಫಿಲಿಪ್ಪೀನ್ಸ್. ಅಲ್ಲಿ ಪ್ಯಾಗ್‌ಕಾರ್ ಎಂಬ ಸರ್ಕಾರಿ ಸಂಸ್ಥೆ 1977ರಿಂದ ಇದೆ. ತಾನೇ ಕ್ಯಾಸಿನೊ ನಡೆಸುತ್ತದೆ, ಬೇರೆ ಕ್ಯಾಸಿನೊಗಳಿಗೆ ಲೈಸೆನ್ಸ್ ಕೊಟ್ಟು ನಿಯಂತ್ರಿಸುವುದೂ ತಾನೇ. ತನ್ನ ಕ್ಯಾಸಿನೊಗಳನ್ನು ಖಾಸಗಿಯವರಿಗೆ ಮಾರಿ ಬರೀ ನಿಯಂತ್ರಕನಾಗಿ ಉಳಿಯುವುದು ಅದರ ಯೋಜನೆ. ಹೀಗಾದರೆ ಆಟಗಾರನ ಹಿತ ಕಾಯಲು ಸರ್ಕಾರಕ್ಕೆ ಅಡ್ಡಿ ಇರೋದಿಲ್ಲ ಎಂಬುದು ನಿಮ್ಮ ವಾದ. ನಾನು ಒಪ್ಪುವುದಿಲ್ಲ. ಮಾರಿದ ಮೇಲೂ ಸರ್ಕಾರಕ್ಕೆ ದುಡ್ಡು ಬರುವುದು ಗ್ರಾಸ್ ಗೇಮಿಂಗ್ ರೆವಿನ್ಯೂದಲ್ಲಿನ ಪಾಲಿನಿಂದ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಆ ದೊಡ್ಡ ಹೆಸರಿನ ಅರ್ಥ ಇಷ್ಟೇ: ಜನ ಇಟ್ಟದ್ದರಲ್ಲಿ ಗೆದ್ದವರಿಗೆ ಕೊಟ್ಟು ಉಳಿದದ್ದು, ಅಂದರೆ ಆಟಗಾರರ ನಿವ್ವಳ ಸೋಲು. ಅದರ ಮೇಲೆ ಬಜೆಟ್ ಗುರಿ ಇಟ್ಟ ಸರ್ಕಾರ ಜನ ಎಷ್ಟು ಸೋಲಬೇಕು ಎಂಬುದಕ್ಕೇ ಗುರಿ ಇಟ್ಟಂತೆ. ಕ್ಯಾಸಿನೊ ಯಾರ ಹೆಸರಿನಲ್ಲಿದ್ದರೂ ಆ ಗುರಿ ಬದಲಾಗೋದಿಲ್ಲ. ಖಾಸಗಿಯವನಿಗೆ ಜಾಹೀರಾತು ಮಾಡುವ ಹುರುಪು ಸರ್ಕಾರಿ ನೌಕರನಿಗಿಂತ ಹೆಚ್ಚು, ವ್ಯತ್ಯಾಸ ಅಷ್ಟೇ.

ಅಲ್ಲೇ ನಡೆದದ್ದು ನೋಡಿ. ವಿದೇಶಿ ಗ್ರಾಹಕರಿಗಾಗಿ ಆನ್‌ಲೈನ್ ಜೂಜು ನಡೆಸುವ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿದ್ದರು. ಅಂಥ ಜಾಗಗಳಲ್ಲಿ ವಂಚನೆ, ಮಾನವ ಕಳ್ಳಸಾಗಣೆ ಹೊರಬಿದ್ದು, 2024ರ ಜುಲೈನಲ್ಲಿ ಅಧ್ಯಕ್ಷ ಮಾರ್ಕೋಸ್ ಅವನ್ನೆಲ್ಲ ಮುಚ್ಚಿಸುವುದಾಗಿ ಘೋಷಿಸಿದರು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್, ಮೊಬೈಲ್ ವಾಲೆಟ್‌ಗಳೊಳಗಿನ ಜೂಜಿನ ಲಿಂಕುಗಳನ್ನು 48 ಗಂಟೆಯಲ್ಲಿ ತೆಗೆಯಿರಿ ಎಂದು ಆದೇಶಿಸಿತು. ತರಕಾರಿಗೆ ದುಡ್ಡು ಕೊಡುವ ಆ್ಯಪ್‌ನಲ್ಲೇ ಜೂಜಿನ ಬಾಗಿಲು ಇಟ್ಟರೆ ಏನಾಗುತ್ತದೆ ಎಂಬುದನ್ನು ಲೈಸೆನ್ಸ್ ಕೊಟ್ಟ ದೇಶವೇ ಕಂಡುಕೊಂಡಿತು.

ಗೋವಾವನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಗೋವಾ ಸರ್ಕಾರ ತನ್ನ ರಾಜ್ಯದ ಜನರಿಗೆ ಕ್ಯಾಸಿನೊದ ಆಟದ ಜಾಗಕ್ಕೆ ಪ್ರವೇಶ ನಿಷೇಧಿಸಿತು. ಬೆಳಗಾವಿ, ಗೋಕಾಕದವರಿಗೆ 21 ತುಂಬಿದ್ದರೆ ಸಾಕು. ಇದನ್ನು ಓದಿದಾಗ ನನಗೆ ತಡೆಯಲಾಗದ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ತನ್ನ ಮನೆ ಮಕ್ಕಳಿಗೆ ಬೇಡವಾದದ್ದನ್ನು ಪಕ್ಕದ ಮನೆಯವರಿಗೆ ಬಡಿಸುವ ವ್ಯವಸ್ಥೆ ಅದು.

ಸಿಂಗಪುರದಲ್ಲಿ ಕ್ಯಾಸಿನೊಗೆ ಹೋಗುವ ಸ್ವಂತ ನಾಗರಿಕನಿಂದ ದಿನಕ್ಕೆ 150 ಸಿಂಗಪುರ ಡಾಲರ್ ಪ್ರವೇಶ ತೆರಿಗೆ ವಸೂಲು ಮಾಡುತ್ತಾರೆ, ಮನೆಯವರು ಅರ್ಜಿ ಕೊಟ್ಟು ಅವನನ್ನು ಹೊರಗಿಡಿಸಬಹುದು. ನಮ್ಮಲ್ಲಿ ಯಾವತ್ತಾದರೂ ತೆರೆಯುವ ಮಾತು ಬಂದರೆ ಆ ಎರಡನೆಯದನ್ನಾದರೂ ಕೇಳಬೇಕು. ನನ್ನ ಹೆಂಡತಿಗೆ ಅಂಥ ಒಂದು ಅರ್ಜಿ ಕೊಡುವ ಜಾಗ ಇದ್ದಿದ್ದರೆ ನಾನು ಮೂರನೆಯ ಸಲ ದೋಣಿ ಹತ್ತುತ್ತಿರಲಿಲ್ಲ. ಆದರೆ ನನ್ನ ಮಾತು ಕೇಳಿದರೆ ತೆರೆಯುವುದೇ ಬೇಡ. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿತು, ಅದೇ ವರ್ಷ ಸಾರಾಯಿ ನಿಲ್ಲಿಸಿತು. ವರಮಾನ ಹೋಗುತ್ತದೆ ಎಂಬ ಮಾತು ಆಗಲೂ ಇತ್ತು. ಸರ್ಕಾರ ನಡೆದೇ ಇದೆ.

ತೆರಿಗೆ ಕಟ್ಟಿ ಮರ್ಯಾದೆಯಿಂದ ಆಡ್ತೀನಿ ಅಂದಿರಲ್ಲ, ಅದರ ಲೆಕ್ಕವೂ ಇರಲಿ. ಗೆದ್ದ ದುಡ್ಡಿಗೆ ಆದಾಯ ತೆರಿಗೆ ನೂರಕ್ಕೆ 30, ಸೆಸ್ ಸೇರಿ 31.2. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯಲು ಬಿಡೋದಿಲ್ಲ. ಜನವರಿಯಲ್ಲಿ 50,000 ಗೆದ್ದು ಫೆಬ್ರವರಿಯಲ್ಲಿ 60,000 ಸೋತರೂ ಮೊದಲಿನ 50,000ಕ್ಕೆ 15,600 ಕಟ್ಟಬೇಕು. ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಚಿಪ್ ಕೊಳ್ಳುವ ಇಡೀ ಮೊತ್ತದ ಮೇಲೆ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ನೀವು ಕೊಡುವ 20,000ದಲ್ಲೇ ಅದು ಸೇರಿದೆ ಅಂತ ಹಿಡಿದರೆ 5,714 ರೂಪಾಯಿ, ಚಕ್ರ ಒಂದು ಸುತ್ತು ತಿರುಗುವ ಮೊದಲೇ. ಅದನ್ನು ಯಾರು ಭರಿಸುತ್ತಾರೆ ಅಂತ ಕೌಂಟರಿನಲ್ಲಿ ಕೇಳಿ, ರಸೀದಿ ಓದಿ.

ಆನ್‌ಲೈನ್ ಬಗ್ಗೆ ನಿಮ್ಮ ಮಾಹಿತಿ ಹಳೆಯದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಆದರೆ ಶಿಕ್ಷೆ ಇಲ್ಲ ಅಂದಮೇಲೆ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಈಗ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಆ್ಯಪ್‌ಗಳು ಹೊರದೇಶದಿಂದ ನಡೆಯುತ್ತವೆ. ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಬೇರೆ ಯುಪಿಐ ಐಡಿ, ಯಾರದೋ ಬಾಡಿಗೆ ಖಾತೆ. ಗೆದ್ದ ದುಡ್ಡು ಬರುವುದೂ ಅಂಥದೇ ಖಾತೆಯಿಂದ. ಆ ಖಾತೆಯ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಒಂದು ದೂರು ಬಿದ್ದರೆ ನಿಮ್ಮ ಖಾತೆಯನ್ನೂ ತಡೆಹಿಡಿಯಬಹುದು. ಪಗಾರ ಬರುವ ಖಾತೆಯಾಗಿದ್ದರೆ ಮನೆ ಖರ್ಚಿಗೂ ದುಡ್ಡು ತೆಗೆಯಲಾಗುವುದಿಲ್ಲ. ಬ್ಯಾಂಕಿನವರು ಬೇರೆ ರಾಜ್ಯದ ಸೈಬರ್ ಠಾಣೆಯ ಹೆಸರು ಹೇಳಿ ಅಲ್ಲಿ ಕೇಳಿ ಅನ್ನುತ್ತಾರೆ.

ವೇಗವೂ ಬೇರೆ. ಆರು ಸೆಕೆಂಡಿಗೊಂದು ಆಟ ಅಂದರೆ ಗಂಟೆಗೆ 600. ಒಂದಕ್ಕೆ 50 ರೂಪಾಯಿಯಂತೆ 30,000 ಓಡಿತು. ಪಾಲು ನೂರಕ್ಕೆ 3 ಇದ್ದರೆ ಗಂಟೆಗೆ 900 ಹೋಯಿತು, ಹಾಸಿಗೆಯಲ್ಲಿ ಮಲಗಿದ್ದಲ್ಲೇ. 10,000 ಬೋನಸ್ ಕೊಟ್ಟು "20 ಪಟ್ಟು ಆಡಿದ ಮೇಲೆ ತೆಗೆಯಬಹುದು" ಎಂಬ ಷರತ್ತಿದ್ದರೆ ಎರಡು ಲಕ್ಷದ ಆಟ, ಅದರಲ್ಲಿ 6,000 ಅವರಿಗೆ ವಾಪಸ್.

ನೀವು ಈಗಾಗಲೇ ಎರಡು ಸಲ ಹೋಗಿ ಬಂದಿದ್ದೀರಿ ಅಂತ ಬರೆದಿರುವುದರಿಂದ ಹೇಳುತ್ತೇನೆ. ಯುಪಿಐ ದಿನದ ಮಿತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ 2,000ಕ್ಕೆ ಇಳಿಸಿ. ಕ್ರೆಡಿಟ್ ಕಾರ್ಡ್ ಮನೆಯಲ್ಲಿ ಬಿಡಿ, ಸಾಲದ ಆ್ಯಪ್ ಫೋನಿನಿಂದ ತೆಗೆಯಿರಿ. ಸೋತದ್ದನ್ನು ವಾಪಸ್ ತರಬೇಕು ಎಂಬ ಯೋಚನೆ ನಿದ್ದೆಯಲ್ಲೂ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮ್ಮೂರಿನಿಂದ ದೂರವೇನಲ್ಲ, ನಾನು ಹೋದದ್ದು ಅಲ್ಲಿಗೇ. ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಈ ವಾರವೇ ಹೇಳಿ, ಅಡಾ ರಸೀದಿ ಹುಟ್ಟುವ ಮೊದಲು.

ಆ ಎರಡು ರಾತ್ರಿ ಯಾವ ಆಟ, ಒಂದು ಸಲಕ್ಕೆ ಎಷ್ಟು ಇಟ್ಟಿರಿ, ಎಷ್ಟು ತಾಸು ಕೂತಿರಿ, ಕೆಳಗೆ ಬರೆಯಿರಿ. ನಿಮ್ಮ ವಹಿವಾಟು ಎಷ್ಟಾಯಿತು ಅಂತ ಲೆಕ್ಕ ಹಾಕಿ ಕೊಡುತ್ತೇನೆ.