ಓದುಗರ ಪ್ರಶ್ನೆ: ಹಿಮ ಬೀಳುವ ಮುನ್ನ ಚಳಿ ಕಡಿಮೆಯಾಗುವುದೇಕೆ?

ಪ್ರಶ್ನೆ: ನನ್ನ ಮಗಳು ಶ್ರೀನಗರದಲ್ಲಿ ಓದುತ್ತಿದ್ದಾಳೆ. ಕಳೆದ ವಾರವಿಡೀ ಅಲ್ಲಿ ರಾತ್ರಿಯ ಉಷ್ಣಾಂಶ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಹಿಮ ಬೀಳಲಿಲ್ಲ. ಈಗ ಮುನ್ಸೂಚನೆಯಲ್ಲಿ, ಎರಡು ದಿನ ರಾತ್ರಿಯ ಉಷ್ಣಾಂಶ ಮೂರು ನಾಲ್ಕು ಡಿಗ್ರಿ ಏರಲಿದೆ, ಅನಂತರ ಹಿಮಪಾತವಾಗಲಿದೆ ಎಂದಿದ್ದಾರೆ. ಚಳಿ ಕಡಿಮೆಯಾದ ಮೇಲೆ ಹಿಮ ಬೀಳುವುದು ಹೇಗೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಹಿಮಕ್ಕೆ ಚಳಿಯೊಂದೇ ಸಾಲದು, ತೇವವೂ ಬೇಕು. ಡಿಸೆಂಬರ್ 21ರಿಂದ ಮೊದಲಾಗುವ 40 ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಆ ದಿನಗಳಲ್ಲಿ ಆಕಾಶ ಶುಭ್ರವಾಗಿದ್ದರೆ, ನೆಲ ಹಗಲಿನಲ್ಲಿ ಹೀರಿದ ಅಲ್ಪಸ್ವಲ್ಪ ಶಾಖವೂ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೊರಟುಹೋಗಿ, ಕಣಿವೆಯ ತಳದಲ್ಲಿ ಭಾರವಾದ ತಣ್ಣನೆಯ ಗಾಳಿ ಮಡುಗಟ್ಟುತ್ತದೆ. ನಲ್ಲಿಯ ನೀರು ಕೊಳವೆಯಲ್ಲೇ ಗಟ್ಟಿಯಾಗುತ್ತದೆ, ದಾಲ್ ಸರೋವರದ ಅಂಚಿನಲ್ಲಿ ತೆಳ್ಳನೆಯ ಮಂಜುಗಡ್ಡೆ ಕಟ್ಟುತ್ತದೆ. ಆದರೆ ಆ ಒಣಗಾಳಿಯಲ್ಲಿ ಹಿಮವಾಗಲು ಬೇಕಾದ ತೇವವೇ ಇರುವುದಿಲ್ಲ.

ತೇವವನ್ನು ತರುವುದು, ಹವಾಮಾನ ವರದಿಗಳಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕೇಳಿಬರುವ ಪಶ್ಚಿಮದ ವಾಯುಕ್ಷೋಭೆ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹುಟ್ಟಿ, ಬಹು ಎತ್ತರದಲ್ಲಿ ರಭಸದಿಂದ ಬೀಸುವ ಜೆಟ್ ಪ್ರವಾಹವೆಂಬ ಗಾಳಿಯೊಡನೆ ಪೂರ್ವಕ್ಕೆ ಸಾಗಿ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಈ ಕ್ಷೋಭೆ ಅರಬ್ಬಿ ಸಮುದ್ರದ ತೇವವನ್ನೂ ಸೆಳೆದುಕೊಳ್ಳುವುದುಂಟು. ಅದು ತಲುಪುವ ಮೊದಲೇ ಮೋಡ ಕವಿಯುತ್ತದೆ. ಮೋಡ ರಾತ್ರಿ ನೆಲಕ್ಕೆ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುವುದರಿಂದ ಕನಿಷ್ಠ ಉಷ್ಣಾಂಶ ಏರುತ್ತದೆ. ಹಗಲಿನಲ್ಲಿ ಅದೇ ಮೋಡ ಬಿಸಿಲನ್ನು ತಡೆಯುವುದರಿಂದ ಗರಿಷ್ಠ ಉಷ್ಣಾಂಶ ಇಳಿಯುತ್ತದೆ. ಹೀಗೆ ಹಗಲು ರಾತ್ರಿಗಳ ಅಂತರ ಕುಗ್ಗುತ್ತ ಬಂದರೆ ಹಿಮ ಹತ್ತಿರದಲ್ಲಿರುವ ಸಂಭವ ಹೆಚ್ಚು. ಚಳಿಗಾಲದ ಮುನ್ಸೂಚನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಪತ್ರಿಕೆಗಳಿಗೆ ಮಾತ್ರ ಎಲ್ಲಿ ಅತಿ ಹೆಚ್ಚು ಚಳಿ ದಾಖಲಾಯಿತೆಂಬುದೇ ದಪ್ಪಕ್ಷರದ ಸುದ್ದಿ.

ನೆಲಮಟ್ಟದಲ್ಲಿ ಉಷ್ಣಾಂಶ ಸೊನ್ನೆಗಿಂತ ಒಂದು ಡಿಗ್ರಿ ಮೇಲಿದ್ದರೂ ಹಿಮ ಬೀಳಬಲ್ಲದು, ಏಕೆಂದರೆ ಅದು ರೂಪುಗೊಳ್ಳುವುದು ಮೇಲಿನ ಹೆಚ್ಚು ತಣ್ಣಗಿನ ಪದರದಲ್ಲಿ. ಬೀಳುವಾಗ ಕರಗುವ ಹಿಮವೂ ಸುತ್ತಲಿನ ಗಾಳಿಯ ಶಾಖವನ್ನು ಹೀರಿ ಅದನ್ನು ತಣಿಸುತ್ತದೆ. ಶ್ರೀನಗರದಲ್ಲಿ ಸಂಜೆ ಮಳೆಯಾಗಿ ಮೊದಲಾದದ್ದು ನಡುರಾತ್ರಿಗೆ ಹಿಮವಾಗುವುದು ಹೀಗೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುವುದರಿಂದ, ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲಿ ಮಳೆ ಸುರಿಯುವಾಗಲೇ 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲಿ ಹಿಮ ಬೀಳುತ್ತಿರುತ್ತದೆ. ಪ್ರಬಲವಾದ ಕ್ಷೋಭೆಗಳೇ ಬಾರದಿದ್ದರೆ ಎತ್ತರವೂ ಕೈಹಿಡಿಯದು. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರುಗಳು ಬರಿದಾಗಿದ್ದು, ತಿಂಗಳ ಕೊನೆಗಷ್ಟೇ ಅಲ್ಲಿ ಹೇಳಿಕೊಳ್ಳುವಂಥ ಹಿಮ ಬಿದ್ದಿತು.

ಮಗಳಿಗೆ ಎಚ್ಚರ ಹೇಳುವುದಿದ್ದರೆ ಹಿಮ ನಿಂತ ಮರುದಿನದ ಬಗ್ಗೆ ಹೇಳಿ. ಮೋಡ ಚದುರಿದ ಮೇಲೆ ಹೊಸ ಹಿಮ ಬಿಸಿಲನ್ನು ಪ್ರತಿಫಲಿಸಿ, ರಾತ್ರಿ ಶಾಖವನ್ನು ಬೇಗನೆ ಬಿಟ್ಟುಕೊಡುವುದರಿಂದ ಉಷ್ಣಾಂಶ ಮೊದಲಿಗಿಂತಲೂ ಕೆಳಗಿಳಿಯಬಹುದು. ಹಗಲು ಕರಗಿದ ನೀರು ರಸ್ತೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆಯಾಗಿ ಕಟ್ಟುವುದು ಆಗಲೇ.

ಪ್ರಶ್ನೆ: ಮುಂದಿನ ವಾರ ಮನಾಲಿಗೆ ಹೊರಟಿದ್ದೇವೆ. ಕುಲ್ಲು ಜಿಲ್ಲೆಗೆ ಆರೆಂಜ್ ಅಲರ್ಟ್ ಇದೆ, ‘ಒಂದೆರಡು ಕಡೆ ಭಾರಿ ಹಿಮಪಾತ’ ಎಂದೂ ಇದೆ. ಪ್ರವಾಸ ರದ್ದು ಮಾಡಬೇಕೆ?
— ಮೈಸೂರಿನ ಓದುಗರು

ಉತ್ತರ: ಆರೆಂಜ್ ಎಂದರೆ ಸಿದ್ಧರಾಗಿರಿ ಎಂಬ ಸೂಚನೆ, ರೆಡ್ ಬಂದರೆ ಹೊರಡಬೇಡಿ. ‘ಒಂದೆರಡು ಕಡೆ’ ಎಂಬುದಕ್ಕೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಆ ಪ್ರದೇಶದ ಮಾಪನ ಕೇಂದ್ರಗಳ ಪೈಕಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಎಂದರ್ಥ. ಆದರೆ ಕುಲ್ಲು ಜಿಲ್ಲೆಯೊಳಗೇ 1,100 ಮೀಟರ್ ಎತ್ತರದ ಭುಂತರ್ ವಿಮಾನನಿಲ್ದಾಣವೂ ಇದೆ, 6,000 ಮೀಟರ್ ಮೀರಿದ ಶಿಖರಗಳೂ ಇವೆ. ಜಿಲ್ಲೆಗೆಂದು ಕೊಟ್ಟ ಮಾತು ನಿಮ್ಮ ಹೋಟೆಲಿಗೆ ಹಾಗೆಯೇ ಅನ್ವಯಿಸದು. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗ ಈ ಕಾಲದಲ್ಲಿ ಹೇಗೂ ಮುಚ್ಚಿರುತ್ತದೆ. 2020ರಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಎರಡೂ ಬಾಯಿಗಳು 3,000 ಮೀಟರ್‌ಗಿಂತ ಮೇಲಿರುವುದರಿಂದ, ಹಿಮ ಬಿದ್ದ ದಿನ ಅತ್ತ ಹೋಗುವ ಪ್ರವಾಸಿ ವಾಹನಗಳನ್ನು ಕೆಳಗೇ ತಡೆಯುವುದು ಸಾಮಾನ್ಯ. ಟಿಕೆಟ್ ರದ್ದು ಮಾಡುವ ಬದಲು, ಮರಳುವ ದಿನಕ್ಕೂ ವಿಮಾನಕ್ಕೂ ನಡುವೆ ಒಂದು ಬಿಡುವಿನ ದಿನ ಇಟ್ಟುಕೊಳ್ಳಿ.

ಪ್ರಶ್ನೆ: ಹಿಮಾಲಯದಲ್ಲಿ ಹಿಮ ಬಿದ್ದರೆ ನಮ್ಮಲ್ಲಿ ಚಳಿ ಹೆಚ್ಚುತ್ತದೆ ಎನ್ನುವುದು ನಿಜವೆ?
— ಬೀದರಿನ ಓದುಗರು

ಉತ್ತರ: ಅರ್ಧ ನಿಜ. ಕ್ಷೋಭೆ ಪೂರ್ವಕ್ಕೆ ಸರಿದ ಮೇಲೆ ಉತ್ತರದ ಬಯಲಿಗೆ ನುಗ್ಗುವ ಒಣ ತಂಗಾಳಿ ಕೆಲವೊಮ್ಮೆ ಮಧ್ಯಪ್ರದೇಶ, ವಿದರ್ಭ, ತೆಲಂಗಾಣಗಳನ್ನು ಹಾದು ಬೀದರ್, ಕಲಬುರಗಿ, ವಿಜಯಪುರಗಳನ್ನೂ ಮುಟ್ಟುತ್ತದೆ. ಅದೇ ವೇಳೆಗೆ ಬಂಗಾಳ ಕೊಲ್ಲಿಯಿಂದ ಮೋಡ ಬಂದರೆ ಆ ತಂಗಾಳಿಯ ಪ್ರಭಾವ ನಿಮ್ಮ ರಾತ್ರಿಗಳ ಮೇಲೆ ಅಷ್ಟಾಗಿ ಕಾಣುವುದಿಲ್ಲ.