‘ಎಲ್ಲ’ ಎಂಬ ಎರಡಕ್ಷರ

ತಿಪಟೂರಿನ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಹೀಗಿದೆ: “ಮಾರ್ಚ್ ಸಂಚಿಕೆಯ ‘ಗೊತ್ತಿರಲಿ’ ಬಾಕ್ಸ್‌ನಲ್ಲಿ ‘ಅಮೆರಿಕದ ಎಲ್ಲ ಮಹಿಳೆಯರಿಗೂ 1920ರಲ್ಲಿ ಮತದಾನದ ಹಕ್ಕು ದೊರೆಯಿತು’ ಎಂದು ಹಾಕಿದ್ದೀರಿ. ನಾನೂ ಮೂವತ್ತೊಂದು ವರ್ಷ ಹಾಗೆಯೇ ಪಾಠ ಮಾಡಿದವನು. ನ್ಯೂಜೆರ್ಸಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಫೋನಿನಲ್ಲಿ ಓದಿ ಹೇಳಿದರೆ ‘ತಾತ, ಎಲ್ಲರಿಗೂ ಅಲ್ಲ’ ಎಂದು ನಕ್ಕಳು. ಯಾರದು ಸರಿ? ತಪ್ಪು ನಿಮ್ಮದಾದರೆ ತಿದ್ದುಪಡಿ ಹಾಕಿ. ಇನ್ನೊಂದು ಮಾತು. ನಮ್ಮ ಹೆಂಗಸರ ಕಥೆಯೇ ಬೆಟ್ಟದಷ್ಟಿರುವಾಗ ಅಮೆರಿಕದವರ ಉಸಾಬರಿ ನಿಮಗೇಕೆ?”

ಮೇಷ್ಟ್ರೇ,

ನಿಮ್ಮ ಮೊಮ್ಮಗಳದೇ ಸರಿ. ತಪ್ಪು ನಮ್ಮದು. ನಮ್ಮದು ಅಂದರೆ ನನ್ನದು. ನಮ್ಮ ಉಪಸಂಪಾದಕಿ ಬರೆದುಕೊಟ್ಟ ವಾಕ್ಯದಲ್ಲಿ ‘ಎಲ್ಲ’ ಇರಲಿಲ್ಲ. ಪುಟಗಳು ಅಚ್ಚಿಗೆ ಹೋಗುವ ರಾತ್ರಿ ಆ ಬಾಕ್ಸ್‌ನ ಕೊನೆಯ ಸಾಲು ಗಿಡ್ಡವಾಗಿ ನಿಂತು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಪದ ತುಂಬಿದರೆ ಸರಿಹೋದೀತು ಎಂದು ಅದನ್ನು ತುರುಕಿದವನು ನಾನೇ. ಬೆಳಿಗ್ಗೆ ಆಕೆ ನೋಡಿ “ಸರ್, ಇದು ಯಾರು ಸೇರಿಸಿದ್ದು?” ಎಂದಾಗ ಪ್ರತಿಗಳು ಆಗಲೇ ಬಸ್ ಹತ್ತಿದ್ದವು.

ಎರಡಕ್ಷರದ ತಪ್ಪಿಗೆ ಎರಡು ಸಾಲಿನ ತಿದ್ದುಪಡಿ ಸಾಕಿತ್ತು. ಆದರೆ ಈ ತಪ್ಪು ನಿಮ್ಮ ಪಾಠದಲ್ಲೂ ನನ್ನ ಬಾಕ್ಸ್‌ನಲ್ಲೂ ಇಷ್ಟು ವರ್ಷ ಹಾಯಾಗಿ ಕೂತಿತ್ತಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಅಚ್ಚಿನ ತಪ್ಪು ಸರಿಪಡಿಸುವುದಕ್ಕೂ ತಿದ್ದುಪಡಿ ಎನ್ನುತ್ತೇವೆ, ಸಂವಿಧಾನವನ್ನು ಬದಲಿಸುವುದಕ್ಕೂ ಅದೇ ಮಾತು. 1920ರಲ್ಲಿ ಜಾರಿಗೆ ಬಂದದ್ದು ಅಮೆರಿಕ ಸಂವಿಧಾನದ 19ನೇ ತಿದ್ದುಪಡಿ. ಅದರ ಒಕ್ಕಣೆಯನ್ನು ನಿಧಾನವಾಗಿ ಓದಬೇಕು. ಹೆಂಗಸರಿಗೆ ಮತದಾನದ ಹಕ್ಕು ಕೊಡುತ್ತೇವೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಪ್ರಜೆಗಳ ಮತದಾನದ ಹಕ್ಕನ್ನು ಲಿಂಗದ ಕಾರಣಕ್ಕೆ ನಿರಾಕರಿಸುವಂತಿಲ್ಲ, ಮೊಟಕು ಮಾಡುವಂತಿಲ್ಲ ಎನ್ನುತ್ತದೆ, ಅಷ್ಟೇ. ‘ನೀನು ಹೆಂಗಸು, ಹೋಗು’ ಎನ್ನುವ ನೆಪ ಅಲ್ಲಿಗೆ ಹೋಯಿತು. ‘ನಿನಗೆ ಓದಲು ಬರುವುದಿಲ್ಲ’, ‘ತೆರಿಗೆ ಕಟ್ಟಿಲ್ಲ’, ‘ನೀನು ಈ ದೇಶದವಳಲ್ಲ’ ಎನ್ನುವ ನೆಪಗಳು ಕದಲಲಿಲ್ಲ.

ಆ ಒಂದು ನೆಪ ಹೋಗುವುದೇ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಆಗಿದ್ದ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು. ಮೂವತ್ತೈದು ಒಪ್ಪಿ, ಕೊನೆಯದಕ್ಕಾಗಿ ಎಲ್ಲರ ಕಣ್ಣು ಟೆನೆಸ್ಸೀ ಮೇಲೆ ಬಿತ್ತು. 1920ರ ಆಗಸ್ಟ್ 18ರಂದು ನ್ಯಾಶ್‌ವಿಲ್‌ನ ಶಾಸನಸಭೆಯಲ್ಲಿ ಪರವಾಗಿದ್ದವರು ಹಳದಿ ಗುಲಾಬಿ, ವಿರೋಧಿಗಳು ಕೆಂಪು ಗುಲಾಬಿ ಸಿಕ್ಕಿಸಿಕೊಂಡು ಕೂತಿದ್ದರು. ವಿಷಯವನ್ನು ಬದಿಗಿಡಬೇಕೆಂಬ ಸೂಚನೆಗೆ ಮತಗಳು 48–48 ಬಿದ್ದವು. ಸೂಚನೆ ಸೋತು, ತಿದ್ದುಪಡಿಯೇ ಮತಕ್ಕೆ ಬಂತು. ಕೆಂಪು ಗುಲಾಬಿ ಧರಿಸಿದ್ದ 24 ವರ್ಷದ ಹ್ಯಾರಿ ಬರ್ನ್‌ನ ಜೇಬಿನಲ್ಲಿ ಅವನ ತಾಯಿ ಫೆಬ್ ಬರ್ನ್ ನಯೋಟಾ ಎಂಬ ಊರಿನಿಂದ ಬರೆದಿದ್ದ ಪತ್ರವಿತ್ತು. ಏಳು ಪುಟದ ಆ ಪತ್ರದಲ್ಲಿ, ಒಳ್ಳೆಯ ಹುಡುಗನಾಗಿ ಹೆಂಗಸರ ಪರ ಮತ ಹಾಕು ಎಂಬ ಮಾತೂ ಸೇರಿತ್ತು. ಹೆಸರು ಕೂಗಿದಾಗ ಹುಡುಗ ‘ಹೌದು’ ಎಂದುಬಿಟ್ಟ. ತಿದ್ದುಪಡಿ 49–47ರಲ್ಲಿ ಗೆದ್ದಿತು. ಇದೇ ಮಗ ಶಾಸಕನಾಗಿ ಆರಿಸಿಬಂದ ಚುನಾವಣೆಯಲ್ಲಿ ಆ ತಾಯಿಗೆ ಮತವಿರಲಿಲ್ಲ ಎಂಬುದನ್ನು ನಾವು ಬಾಕ್ಸ್‌ನಲ್ಲಿ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆ ಇಸವಿ ಕೆಲವರಿಗೆ ತಡವಾಗಿ ಬಂತು, ಕೆಲವರಿಗೆ ಬರಲೇ ಇಲ್ಲ. ನಿಮ್ಮ ಮೊಮ್ಮಗಳಿರುವ ನ್ಯೂಜೆರ್ಸಿಯಲ್ಲೇ 1776ರಿಂದ 1807ರವರೆಗೆ ಆಸ್ತಿಯಿದ್ದ ಅವಿವಾಹಿತೆಯರೂ ವಿಧವೆಯರೂ ಮತ ಹಾಕುತ್ತಿದ್ದರು. ಆಮೇಲೆ ಕಾನೂನು ಮಾಡಿ ಕಿತ್ತುಕೊಂಡರು. ಪಶ್ಚಿಮದ ವಯೋಮಿಂಗ್‌ನಲ್ಲಿ 1869ರಲ್ಲೇ ಹಕ್ಕು ಸಿಕ್ಕಿ, ಮರುವರ್ಷ ಲ್ಯಾರಮಿ ಊರಿನಲ್ಲಿ ಲೂಯಿಸಾ ಸ್ವೇನ್ ಎಂಬ ಅಜ್ಜಿ ಮತ ಹಾಕಿದರು. ಬ್ರೆಡ್ಡಿನ ಹಿಟ್ಟಿಗೆ ಹುದುಗು ತರಲು ತಗಡಿನ ಡಬ್ಬ ಹಿಡಿದು ಹೊರಟವರು ದಾರಿಯಲ್ಲೇ ಆ ಕೆಲಸ ಮುಗಿಸಿಕೊಂಡು ಹೋದರಂತೆ.

ಇನ್ನು ಬರಲೇ ಇಲ್ಲದವರ ವಿಷಯ. ಇದಕ್ಕೆ ಒಬ್ಬರನ್ನು ಹತ್ತಿರದಿಂದ ನೋಡೋಣ.

ಫ್ಯಾನಿ ಲೂ ಹೇಮರ್ ಹುಟ್ಟಿದ್ದು 1917ರಲ್ಲಿ, ಮಿಸಿಸಿಪಿಯ ಕಪ್ಪುವರ್ಣೀಯ ಗೇಣಿದಾರರ ಮನೆಯಲ್ಲಿ, ಇಪ್ಪತ್ತು ಮಕ್ಕಳಲ್ಲಿ ಕೊನೆಯವರಾಗಿ. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದರು. ನಮ್ಮ ಬಾಕ್ಸ್‌ನ ಪ್ರಕಾರ ‘ಎಲ್ಲ ಮಹಿಳೆಯರಿಗೂ’ ಹಕ್ಕು ಸಿಕ್ಕಾಗ ಅವರಿಗೆ ಮೂರು ತುಂಬಿರಲಿಲ್ಲ. 1962ರ ಆಗಸ್ಟ್‌ನಲ್ಲಿ, ರೂಲ್‌ವಿಲ್ ಊರಿನ ಚರ್ಚಿನಲ್ಲಿ ನಡೆದ ಒಂದು ಸಭೆಗೆ ಹೋದಾಗ, ತಮ್ಮಂಥವರೂ ಮತ ಹಾಕಬಹುದು ಎಂಬ ಸುದ್ದಿಯನ್ನು ಮೊದಲ ಸಲ ಕೇಳಿದರು. ಆಗ ಅವರಿಗೆ 44. ತಿದ್ದುಪಡಿಗೆ 42.

ಆಗಸ್ಟ್ 31ರಂದು ಹದಿನೆಂಟು ಮಂದಿ ಒಂದು ಹಳೇ ಬಸ್ಸಿನಲ್ಲಿ ಕೌಂಟಿ ಕೇಂದ್ರವಾದ ಇಂಡಿಯನೋಲಾಕ್ಕೆ ಹೆಸರು ನೋಂದಾಯಿಸಲು ಹೋದರು. ಒಂದು ಸಲಕ್ಕೆ ಇಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಅರ್ಜಿಯಲ್ಲಿ ಯಾರ ಬಳಿ ಕೆಲಸ ಮಾಡುತ್ತೀ ಎಂದು ಬರೆಯಬೇಕು. ಅದು ಯಾಕೆಂದು ನಿಮಗೆ ಹೊಳೆದಿರಬೇಕು. ಆಮೇಲೆ ಗುಮಾಸ್ತ ರಾಜ್ಯ ಸಂವಿಧಾನದ ಒಂದು ಕಲಮು ತೋರಿಸಿ, ನಕಲು ಮಾಡು, ಅರ್ಥ ವಿವರಿಸು ಎಂದ. ಅದು ‘ಡಿ ಫ್ಯಾಕ್ಟೋ’, ಅಂದರೆ ಬರಹದಲ್ಲಿಲ್ಲದಿದ್ದರೂ ನಡೆಯಲ್ಲಿರುವ, ಕಾನೂನುಗಳ ಬಗ್ಗೆ ಇದ್ದ ಕಲಮು. ನಮ್ಮಲ್ಲಿ ವಕೀಲರೂ ತಡವರಿಸುವ ಮಾತು. ಕುದುರೆಗೆ ಕ್ರಿಸ್‌ಮಸ್ ಎಷ್ಟು ಗೊತ್ತೋ ತನಗೆ ಅದು ಅಷ್ಟೇ ಗೊತ್ತಿತ್ತು ಎಂದು ಹೇಮರ್ ಆಮೇಲೆ ಹೇಳಿ ನಗಿಸುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಎಂದು ನಾವೂ ಅನ್ನುತ್ತೇವೆ, ಆದರೆ ನಮ್ಮ ಗಾದೆ ಕತ್ತೆಯನ್ನು ಹಂಗಿಸುತ್ತದೆ. ಹೇಮರ್ ಹಂಗಿಸಿದ್ದು ಕುದುರೆಯನ್ನು ಅಲ್ಲ.

ವಾಪಸಾಗುವಾಗ ಪೊಲೀಸರು ಬಸ್ ತಡೆದು ಡ್ರೈವರ್‌ಗೆ ದಂಡ ಹಾಕಿದರು. ಅಪರಾಧ: ಬಸ್ಸಿನ ಹಳದಿ ಬಣ್ಣ ಶಾಲಾ ಬಸ್ಸಿನಂತೆ ಕಾಣುತ್ತದೆ! ಒಳಗಿದ್ದವರು ಹೆದರಿ ಕೂತಿದ್ದಾಗ ಹಿಂದಿನಿಂದ ಹಾಡೊಂದು ಕೇಳಿಸಿತು, ಹಾಡುತ್ತಿದ್ದವರು ಹೇಮರ್. ಹತ್ತಿ ಎಸ್ಟೇಟಿನಲ್ಲಿ ಅವರು ಕೂಲಿಯವರ ಲೆಕ್ಕ ಬರೆಯುವವರು, ಹದಿನೆಂಟು ವರ್ಷದ ಕೆಲಸ. ಮನೆ ತಲುಪುವ ಮುಂಚೆಯೇ ಸುದ್ದಿ ಧಣಿಗೆ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲ ಜಾಗ ಖಾಲಿ ಮಾಡು ಎಂದ. “ನಾನು ನಿಮಗೋಸ್ಕರ ಹೆಸರು ಬರೆಸಲು ಹೋಗಿರಲಿಲ್ಲ, ನನಗೋಸ್ಕರ ಹೋಗಿದ್ದೆ” ಎಂದು ಆಕೆ ಆ ರಾತ್ರಿಯೇ ಮನೆ ಬಿಟ್ಟರು. ಹತ್ತು ದಿನಕ್ಕೆ, ಅವರು ಆಶ್ರಯ ಪಡೆದಿದ್ದ ಮನೆಯ ಮೇಲೆ ಗುಂಡು ಹಾರಿತು.

ಪತ್ರಿಕೆಯವನಾದ ನನಗೆ ಇದರಲ್ಲಿ ಹೆಚ್ಚು ನಾಟಿದ ಸಂಗತಿ ಬೇರೆ. ಅದೇ 1962ರಲ್ಲಿ ಮಿಸಿಸಿಪಿ ಒಂದು ಕಾನೂನು ಮಾಡಿತು: ನೋಂದಣಿಗೆ ಅರ್ಜಿ ಹಾಕಿದವರ ಹೆಸರನ್ನು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಅಚ್ಚು ಹಾಕಬೇಕು. ಕೆಲಸದಿಂದ ತೆಗೆಯುವವರಿಗೆ, ಸಾಲ ನಿಲ್ಲಿಸುವವರಿಗೆ, ಬಂದೂಕು ಇದ್ದವರಿಗೆ ಪಟ್ಟಿ ಮನೆ ಬಾಗಿಲಿಗೇ ಬರುತ್ತಿತ್ತು. ಹೆಸರು ಅಚ್ಚಾದರೆ ಓದುಗರು ಖುಷಿಪಡುತ್ತಾರೆ ಎಂದು ನಂಬಿ ಮೂರು ದಶಕ ಕಳೆದವನು ನಾನು. ಹೆಸರು ಅಚ್ಚಾಗುವುದೇ ಶಿಕ್ಷೆಯಾಗುವ ಪುಟವೊಂದು ಇದ್ದೀತು ಎಂದು ಊಹಿಸಿರಲಿಲ್ಲ.

1963ರ ಜನವರಿಯಲ್ಲಿ ಹೇಮರ್ ಪರೀಕ್ಷೆ ಪಾಸಾದರು. ಮತ ಹಾಕಲು ಹೋದರೆ, ಮತ ಹಾಕಲು ಕಟ್ಟಬೇಕಿದ್ದ ತೆರಿಗೆಯ ಎರಡು ವರ್ಷದ ರಸೀದಿ ಎಲ್ಲಿ ಎಂದರು!

ಆ ಪರೀಕ್ಷೆಯನ್ನು ಪಾಸು ಮಾಡಿಸುವುದನ್ನೇ ಕಸುಬು ಮಾಡಿಕೊಂಡ ಇನ್ನೊಬ್ಬಾಕೆಯನ್ನು ನೀವು ಶಿಕ್ಷಕರಾಗಿ ಪರಿಚಯ ಮಾಡಿಕೊಳ್ಳಲೇಬೇಕು. ಸೆಪ್ಟಿಮಾ ಕ್ಲಾರ್ಕ್, ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್‌ನವರು. ನಾಲ್ಕು ದಶಕ ಶಾಲೆಯಲ್ಲಿ ಕಲಿಸಿದ ಮೇಲೆ, ಕಪ್ಪುವರ್ಣೀಯರ ಹಕ್ಕುಗಳ ಸಂಘದ ಸದಸ್ಯತ್ವ ಬಿಡುವುದಿಲ್ಲ ಎಂದ ತಪ್ಪಿಗೆ 1956ರಲ್ಲಿ ಕೆಲಸ ಹೋಯಿತು. ಪಿಂಚಣಿಯೂ ಹೋಯಿತು. ಮರುವರ್ಷ ಅವರೂ ಸಂಗಡಿಗರೂ ಜಾನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ ರಾತ್ರಿ ಶಾಲೆ ತೆರೆದರು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರಿಗೆ ಅನುಮಾನ ಬರಬಾರದಲ್ಲ.

ಪಾಠ ಹೇಳಲು ಕರೆತಂದದ್ದು ಶಿಕ್ಷಕಿಯನ್ನಲ್ಲ. ಬರ್ನೀಸ್ ರಾಬಿನ್ಸನ್ ಎಂಬ ಬ್ಯೂಟಿ ಪಾರ್ಲರಿನವರನ್ನು. ಲೆಕ್ಕಾಚಾರ ಸರಿಯಾಗಿಯೇ ಇತ್ತು: ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರು, ಬಿಳಿಯ ಧಣಿ ಕೆಲಸದಿಂದ ತೆಗೆಯುವ ಭಯವಿಲ್ಲ. ಮೊದಲ ದಿನ ಆಕೆ, ನಾನು ಟೀಚರಲ್ಲ, ಸೇರಿ ಕಲಿಯೋಣ ಎಂದು ಹೇಳಿ, ನಿಮಗೆ ಏನು ಕಲಿಯಬೇಕು ಎಂದು ಕೇಳಿದರು. ಹೆಸರು ಬರೆಯಲು, ಬೈಬಲ್ ಓದಲು, ಮನಿ ಆರ್ಡರ್ ಫಾರಂ ತುಂಬಲು ಎಂದರು ಅವರು. ರಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರನ್ನು ಬರೆದುಕೊಟ್ಟು, ಅದರ ಮೇಲೆಯೇ ಪೆನ್ಸಿಲ್ ಆಡಿಸಿ ಆಡಿಸಿ ಕೈಗೆ ಅಭ್ಯಾಸವಾಗುವಂತೆ ಮಾಡಿದರು. ನೇಗಿಲು ಹಿಡಿದ ಕೈಗೆ ಪೆನ್ಸಿಲ್ ಹಗುರವಾಗಿದ್ದೇ ಕಷ್ಟವಾಗುತ್ತದೆ. ನಮ್ಮ ಸಾಕ್ಷರತಾ ಆಂದೋಲನದಲ್ಲಿ ಕಲಿಸಿದವರನ್ನು ಕೇಳಿ ನೋಡಿ. ಹೆಸರಾದ ಮೇಲೆ ಫಾರಂ, ಫಾರಂ ಆದ ಮೇಲೆ ಸಂವಿಧಾನದ ಕಲಮು. ಈ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು.

1963ರ ಜೂನ್‌ನಲ್ಲಿ ಇಂಥದೇ ತರಬೇತಿ ಮುಗಿಸಿ ವಾಪಸಾಗುತ್ತಿದ್ದ ಹೇಮರ್ ಮತ್ತು ಗೆಳತಿಯರನ್ನು ವಿನೋನಾ ಊರಿನ ಬಸ್ ನಿಲ್ದಾಣದಲ್ಲಿ ಹಿಡಿದು ಲಾಕಪ್ಪಿಗೆ ಹಾಕಿದರು. ಅಲ್ಲಿ ಬಿದ್ದ ಏಟಿನಿಂದ ಅವರ ಮೂತ್ರಪಿಂಡ, ಕಣ್ಣು ಮತ್ತೆ ಸರಿಹೋಗಲಿಲ್ಲ. ಮರುವರ್ಷ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯೆದುರು ಅದನ್ನೆಲ್ಲ ಹೇಳುತ್ತಿದ್ದಾಗ, ಟೀವಿ ಕ್ಯಾಮೆರಾಗಳು ಆಕೆಯಿಂದ ತಿರುಗಲೆಂದೇ ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಸುದ್ದಿಗೋಷ್ಠಿ ಕರೆದರು. ಟೀವಿಯವರು ರಾತ್ರಿ ಆಕೆಯ ಮಾತನ್ನು ಮತ್ತೆ ತೋರಿಸಿದರು, ಜಾಸ್ತಿ ಜನ ನೋಡಿದರು. ಅದೇ ಜಾನ್ಸನ್ 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಆಮೇಲೆಯೇ ಅಕ್ಷರ ಪರೀಕ್ಷೆಗಳು ಅಲ್ಲಿ ನಿಂತದ್ದು. ಕ್ಲಾರ್ಕ್ ಅವರ ಪಿಂಚಣಿ ಮಾತ್ರ 1976ರವರೆಗೆ ಕಾಯಬೇಕಾಯಿತು.

ಉಳಿದವರದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂಲನಿವಾಸಿಗಳಿಗೆಲ್ಲ ಪೌರತ್ವ ಕೊಡುವ ಕಾನೂನು ಬಂದದ್ದೇ 1924ರಲ್ಲಿ. ಅರಿಜೋನಾ, ನ್ಯೂ ಮೆಕ್ಸಿಕೋಗಳಲ್ಲಿ ಅವರ ಮತಕ್ಕಿದ್ದ ಅಡ್ಡಿ 1948ರಲ್ಲಿ ತೆರವಾಯಿತು. ನಮ್ಮ ದೇಶದಿಂದ ಹೋದವರು ಪೌರರಾಗುವ ಅರ್ಹತೆಯಿಲ್ಲದವರು ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು 1946ರವರೆಗೆ ನಡೆಯಿತು. ಇನ್ನೂ ವಿಚಿತ್ರವೆಂದರೆ, ಅಲ್ಲೇ ಹುಟ್ಟಿದ ಬಿಳಿಯ ಹೆಂಗಸೊಬ್ಬಳು ಇಂಥ ಭಾರತೀಯನನ್ನು ಮದುವೆಯಾದರೆ ಅವಳ ಪೌರತ್ವವೇ ಹೋಗುತ್ತಿತ್ತು, ಅದರ ಜೊತೆಗೆ 1920ರಲ್ಲಿ ಸಿಕ್ಕ ಮತವೂ. 1931ರವರೆಗೆ ಹೀಗಿತ್ತು.

ಈಗ ಉಸಾಬರಿಯ ಪ್ರಶ್ನೆ. 1926ರಲ್ಲಿ ಮಂಗಳೂರಿನಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತದ್ದು ನಿಮಗೆ ಗೊತ್ತು. ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ ಮತ ಬಂದದ್ದು 1921ರಲ್ಲಿ. ಆದರೆ ಆಸ್ತಿ ಇದ್ದವರಿಗೆ ಮಾತ್ರ. ಅಲ್ಲೂ ‘ಎಲ್ಲ’ ಬರೆಯುವ ಹಾಗಿಲ್ಲ ನೋಡಿ. ಮುಂದೆ 1940ರ ಆಸುಪಾಸಿನಲ್ಲಿ ಕಮಲಾದೇವಿ ಅಮೆರಿಕ ಸುತ್ತುವಾಗ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಎಬ್ಬಿಸಲು ಬಂದ. ಯಾವ ದೇಶದವರು ಎಂದು ಕೇಳಿದ. ಭಾರತದವಳು ಎಂದಿದ್ದರೆ ಬಿಟ್ಟು ಹೋಗುತ್ತಿದ್ದನೋ ಏನೋ. ನಾನು ಬಣ್ಣದವಳು, ಏಳುವುದಿಲ್ಲ ಎಂದರು. ಮಂಗಳೂರಿನ ಹೆಂಗಸು ಅಲ್ಲಿ ಹೋಗಿ ಆ ಸೀಟಿನಲ್ಲಿ ಕೂತ ಮೇಲೆ ಅದು ನಮ್ಮ ಪುಟಕ್ಕೂ ಸೇರಿದ ಕಥೆಯಲ್ಲವೇ?

ನಮ್ಮ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರು ಹೊರಗುಳಿದರು, ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ಬರೆಸಿದ್ದಕ್ಕೆ. ಅದರ ಬಗ್ಗೆ ಲೇಖನ ಬರೆಸಬೇಕೆಂದಿದ್ದೇನೆ. ನಿಮ್ಮ ಊರಿನ ಅಜ್ಜಿಯರು ಯಾರಾದರೂ 1952ರ ನೆನಪು ಇಟ್ಟುಕೊಂಡಿದ್ದರೆ ತಿಳಿಸಿ, ನಮ್ಮ ಉಪಸಂಪಾದಕಿ ಬರುತ್ತಾರೆ.

ತಿದ್ದುಪಡಿಯನ್ನು ಈ ಸಂಚಿಕೆಯಲ್ಲಿ ಅದೇ ಮೂಲೆಯಲ್ಲಿ ಹಾಕಿದ್ದೇವೆ. ‘ಎಲ್ಲ’ ತೆಗೆದ ಮೇಲೆ ಬಾಕ್ಸ್‌ನ ಕೊನೆಯ ಸಾಲು ಮತ್ತೆ ಗಿಡ್ಡವಾಗಿದೆ. ಈ ಸಲ ಹಾಗೆಯೇ ಬಿಟ್ಟಿದ್ದೇನೆ.

– ಸಂಪಾದಕ