ಮಗಳ ಪುಸ್ತಕ ಕಿತ್ತುಕೊಳ್ಳುವ ಮುಂಚೆ

ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ನಮ್ಮದು ಕುಂದಾಪುರದ ಕಡೆ. ಮಗಳಿಗೆ 14, ಮಗನಿಗೆ 9. ಇಬ್ಬರೂ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಮಗಳು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದುತ್ತಾಳೆ. ಈಗ ಓದುತ್ತಿರುವುದರಲ್ಲಿ ಮಕ್ಕಳು ಮಕ್ಕಳನ್ನೇ ಕೊಲ್ಲುವ ಆಟವಿದೆಯಂತೆ. ನನಗೆ ಹೆದರಿಕೆಯಾಗಿದೆ. ಮಗ ಕಾಮಿಕ್ಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಒಳ್ಳೆಯ ಸಂಸ್ಕಾರ ಕೊಡುವ, ಕನ್ನಡವನ್ನೂ ಉಳಿಸುವ ಹತ್ತು ಪುಸ್ತಕಗಳ ಪಟ್ಟಿ ಕೊಡಿ. ಮಗಳ ಕೈಯಿಂದ ಆ ಪುಸ್ತಕ ಕಿತ್ತುಕೊಳ್ಳಲೇ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಿತ್ತುಕೊಳ್ಳಬೇಡಿ. ಮೊದಲು ಅದನ್ನು ನೀವು ಓದಿ.

"ಆಟವಿದೆಯಂತೆ" ಎಂದು ಬರೆದಿದ್ದೀರಿ. ಅಂದರೆ ನೀವು ನೋಡಿದ್ದು ಹಿಂದಿನ ರಟ್ಟಿನ ಮೇಲಿನ ನಾಲ್ಕು ಸಾಲು, ಇಲ್ಲವೇ ಯಾರೋ ಹೇಳಿದ ಮಾತು. ರಟ್ಟಿನ ಮೇಲಿನ ಸಾಲುಗಳು ಪುಸ್ತಕ ಮಾರುವುದಕ್ಕೆ ಇರುವಂಥವು. ಅಲ್ಲಿ ರಕ್ತ ಯಾವಾಗಲೂ ಸ್ವಲ್ಪ ಜಾಸ್ತಿಯೇ. ದಿನಾ ಲೋಕಲ್ ರೈಲಿನಲ್ಲಿ ವಿ.ಟಿ.ಗೆ (ಈಗಿನ ಸಿಎಸ್‌ಎಂಟಿ ನಿಲ್ದಾಣ) ಹೋಗಿಬರುವವರು ನೀವು. ಕೂರಲು ಜಾಗ ಸಿಕ್ಕ ದಿನ, ಮೂವರ ಸೀಟಿನ ತುದಿಯ ಫೋರ್ತ್ ಸೀಟಾದರೂ ಸರಿ, ಬ್ಯಾಗಿನಲ್ಲಿ ಆ ಪುಸ್ತಕ ಇರಲಿ. ದಪ್ಪ ನೋಡಿ ಹೆದರಬೇಡಿ. ಹದಿಹರೆಯದವರಿಗೆಂದು ಬರೆದ ಇಂಗ್ಲಿಷ್ ಕಾದಂಬರಿಗಳ ಅಕ್ಷರ ದೊಡ್ಡದು, ಅಧ್ಯಾಯ ಚಿಕ್ಕದು, ಮಾತುಕತೆ ಹೆಚ್ಚು. ರೈಲು ಠಾಣೆ ನಿಲ್ದಾಣ ದಾಟುವುದರೊಳಗೆ ಎರಡು ಅಧ್ಯಾಯ ಮುಗಿದಿರುತ್ತದೆ.

ಇನ್ನು ಸಾವು, ಕ್ರೌರ್ಯದ ವಿಷಯ. ನಾವು ಮಕ್ಕಳಿಗೆ ಹೇಳುತ್ತಾ ಬಂದದ್ದೇನು? ಗೋವಿನ ಹಾಡಿನ ಕೊನೆಗೆ ಹುಲಿ ಸಾಯುತ್ತದೆ. ಅದನ್ನು ಮೂರು ವರ್ಷದ ಮಗುವಿಗೆ ಹಾಡಿ ತೋರಿಸುತ್ತೇವೆ, ಮಗು ಅಳುತ್ತದೆ, ಮಾರನೆ ದಿನ ಮತ್ತೆ ಅದನ್ನೇ ಹಾಡು ಎನ್ನುತ್ತದೆ. ಕುವೆಂಪು ಬರೆದ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಊರಿನ ಮಕ್ಕಳೇ ಬೆಟ್ಟದೊಳಗೆ ಹೋಗಿಬಿಡುತ್ತಾರೆ. ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಮಕ್ಕಳು ಹೋದರು! ಇದಕ್ಕಿಂತ ಭಯಂಕರ ಕತೆ ಬೇಕೇ? ನಿಮ್ಮದು ಕುಂದಾಪುರ. ನಿಮ್ಮ ಕಡೆ ಚಾಪೆ ಹಾಸಿ ರಾತ್ರಿಯಿಡೀ ಯಕ್ಷಗಾನ ನೋಡುವ ಮಕ್ಕಳ ಮುಂದೆ ಅಭಿಮನ್ಯು ಎಷ್ಟು ಸಲ ಸತ್ತಿದ್ದಾನೋ ಲೆಕ್ಕವಿಲ್ಲ. ಅವನೂ ನಿಮ್ಮ ಮಗಳ ಆಸುಪಾಸಿನ ವಯಸ್ಸಿನವನೇ. ಚಕ್ರವ್ಯೂಹದೊಳಗೆ ಒಬ್ಬ ಹುಡುಗನನ್ನು ದೊಡ್ಡ ದೊಡ್ಡ ವೀರರೆಲ್ಲ ಸುತ್ತುವರಿದು ಕೊಂದದ್ದನ್ನು ನಾವು ಸಂಸ್ಕಾರ ಅಂತಲೇ ಕರೆಯುತ್ತೇವೆ.

ಹಾಗಾದರೆ ಓದುವಾಗ ಏನನ್ನು ನೋಡಬೇಕು? ರಕ್ತ ಇದೆಯೋ ಇಲ್ಲವೋ ಎಂಬುದನ್ನಲ್ಲ. ಕತೆ ಯಾರ ಪಕ್ಕದಲ್ಲಿ ನಿಂತಿದೆ ಎಂಬುದನ್ನು ನೋಡಿ. ಹೊಡೆಸಿಕೊಂಡವರ ನೋವು ಓದುವವರಿಗೆ ತಟ್ಟುತ್ತದೆಯೇ? ಅಥವಾ ಹೊಡೆಯುವುದೇ ಮಜಾ ಎಂಬ ಹಾಗಿದೆಯೇ? ಸತ್ತವರನ್ನು ಮುಂದಿನ ಪುಟದಲ್ಲಿ ಯಾರಾದರೂ ನೆನೆಸಿಕೊಳ್ಳುತ್ತಾರೆಯೇ? ನನ್ನನ್ನು ಕೇಳಿದರೆ ಹದಿಹರೆಯದ ಕಾದಂಬರಿಗಳಲ್ಲಿ ನನ್ನ ತಕರಾರು ಇರುವುದು ಕತ್ತಿ, ಬಾಣದ ಮೇಲೆ ಅಲ್ಲವೇ ಅಲ್ಲ. ಹುಡುಗಿಯ ಬೆನ್ನು ಹತ್ತಿ ಕಾಡುವುದು, ಅವಳ ಫೋನ್ ನೋಡುವುದು, ಅವಳು ಯಾರ ಜೊತೆ ಮಾತಾಡಬೇಕು ಎಂದು ತಾನೇ ತೀರ್ಮಾನಿಸುವುದು, ಇದನ್ನೆಲ್ಲ ದೊಡ್ಡ ಪ್ರೀತಿ ಎಂದು ತೋರಿಸುವ ಕತೆಗಳಿವೆಯಲ್ಲ, ಅವುಗಳ ಮೇಲೆ. ಅವುಗಳ ಮುಖಪುಟದಲ್ಲಿ ಗುಲಾಬಿ ಹೂವಿರುತ್ತದೆ. ತಾಯಂದಿರಿಗೆ ಅನುಮಾನವೇ ಬರುವುದಿಲ್ಲ. ಅಂಥದ್ದನ್ನೂ ಕಿತ್ತುಕೊಳ್ಳಬೇಡಿ. ಆದರೆ ಓದಿ, "ಈ ಹುಡುಗ ನಮ್ಮ ಬಿಲ್ಡಿಂಗಿನಲ್ಲಿ ಇದ್ದಿದ್ದರೆ ನೀನು ಏನು ಮಾಡ್ತಿದ್ದೆ?" ಎಂದು ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರುವುದಕ್ಕೆ ಎರಡು ದಿನ ಬೇಕಾಗಬಹುದು. ಮತ್ತೆ ಪಾಠ ಮಾಡಲು ಹೋಗಬೇಡಿ, ದಯವಿಟ್ಟು.

ಈಗ ಪಟ್ಟಿ. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಮಗಳ ಪುಸ್ತಕದ ಸುದ್ದಿಯಲ್ಲ. ಸಂಸ್ಕಾರ ಕೊಡುವ, ಕನ್ನಡ ಉಳಿಸುವ ಪುಸ್ತಕ ಬೇಕು ಎಂಬ ಮಾತು. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ, ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕವನ್ನು ಕಷಾಯದ ಲೋಟದ ಹಾಗೆ ಕೈಗಿಟ್ಟರೆ ಮಗು ಮೂಗು ಮುಚ್ಚಿಕೊಳ್ಳುತ್ತದೆ ಅಷ್ಟೇ. ನಿಮ್ಮ ಮಗಳು ಆ ಇಂಗ್ಲಿಷ್ ಕಾದಂಬರಿಯನ್ನು ಇಂಗ್ಲಿಷ್ ಉಳಿಸುವುದಕ್ಕೆ ಓದುತ್ತಿಲ್ಲ. ಮುಂದೇನಾಯಿತು ಎಂದು ತಿಳಿಯಬೇಕು, ಅದಕ್ಕೆ ಓದುತ್ತಿದ್ದಾಳೆ. ಕನ್ನಡ ಕತೆಯನ್ನೂ ಅದೇ ಕಾರಣಕ್ಕೆ ಓದಬೇಕು. ಬೇರೆ ಕಾರಣಕ್ಕೆ ಕೊಟ್ಟ ಪುಸ್ತಕ ಮೂರನೇ ಪುಟದಲ್ಲಿ ಬುಕ್‌ಮಾರ್ಕ್ ಸಮೇತ ನಿಂತುಬಿಡುತ್ತದೆ.

ಇನ್ನೊಂದು ತೊಡಕು ಇದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಒಳಮಾತು ತುಳು, ಕೊಂಕಣಿ, ಇಲ್ಲವೇ ನಿಮ್ಮ ಹಾಗೆ ಕುಂದಗನ್ನಡ. ಪುಸ್ತಕದ ಕನ್ನಡ ಮಗುವಿಗೆ ಮನೆಯ ಮಾತೂ ಅಲ್ಲ, ಶಾಲೆಯ ಮಾತೂ ಅಲ್ಲ. ಆದ್ದರಿಂದ ಮೊದಲ ಪುಸ್ತಕಗಳನ್ನು ಮಕ್ಕಳೇ ಓದಬೇಕು ಎಂದು ಹಟ ಮಾಡಬೇಡಿ. ನೀವು ಓದಿ ಹೇಳಿ. ಪುಸ್ತಕದ ವಾಕ್ಯವನ್ನು ನಿಮ್ಮ ಊರಿನ ಮಾತಿಗೆ ತಿರುಗಿಸಿಕೊಂಡೇ ಓದಿ. ಬರೆದವರು ಬೇಜಾರು ಮಾಡಿಕೊಳ್ಳುವುದಿಲ್ಲ. 14 ವರ್ಷದವಳಿಗೆ ಓದಿ ಹೇಳುವುದಾ ಎಂದು ಕೇಳಬೇಡಿ. ತಮ್ಮನಿಗೆ ಓದಿ ಹೇಳುತ್ತಿರುವಾಗ ಪಕ್ಕದ ಹಾಸಿಗೆಯಲ್ಲಿ ಮೊಬೈಲ್ ಹಿಡಿದುಕೊಂಡು ಅವಳು ಕೇಳುತ್ತಿರುತ್ತಾಳೆ. ರೋಚಕ ಜಾಗದಲ್ಲಿ ನಿಲ್ಲಿಸಿ ದೀಪ ಆರಿಸಿ ನೋಡಿ, ಮೊದಲು ಗಲಾಟೆ ಮಾಡುವವಳು ಅವಳೇ.

ಲಿಪಿ ನೀವು ಅಂದುಕೊಂಡಷ್ಟು ದೊಡ್ಡ ಗುಡ್ಡವಲ್ಲ. ಇಬ್ಬರಿಗೂ ಶಾಲೆಯಲ್ಲಿ ಮರಾಠಿ ಇದೆ, ಹಿಂದಿ ಇದೆ, ಬಾರಾಖಡಿ ಗೊತ್ತು. ನಮ್ಮ ಕಾಗುಣಿತ ಅದೇ ಕ್ರಮದಲ್ಲಿ ಬರುತ್ತದೆ. ಮರಾಠಿಯಲ್ಲಿ ಇರುವ ಳಕಾರ ನಮ್ಮಲ್ಲೂ ಇದೆ. ಅವರಿಗೆ ಹೊಸದೆಂದರೆ ಎ-ಏ, ಒ-ಓ ಎಂಬ ಗಿಡ್ಡ-ಉದ್ದದ ವ್ಯತ್ಯಾಸ, ಅಕ್ಷರದ ಕೆಳಗೆ ಕೂರುವ ಒತ್ತು, ಮತ್ತು ಅರ್ಕಾವತ್ತು. ಇವನ್ನು ಮಾತ್ರ ಬೇರೆಯಾಗಿ ತೋರಿಸಿದರೆ ಸಾಕು. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಮಾಡುತ್ತದೆ. ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಳ್ಳಿ, ಅಕ್ಷರಕ್ಕೆ ಅದು. ಕತೆಯ ಪುಸ್ತಕದಿಂದ ಅಕ್ಷರ ಕಲಿಸಲು ಹೋಗಬೇಡಿ. ಎರಡೂ ಕೆಡುತ್ತವೆ.

ಮಗನ ಕಾಮಿಕ್ಸ್ ಬಗ್ಗೆ ನೀವು ಚಿಂತೆ ಮಾಡಿದ್ದು ನೋಡಿ ನಗು ಬಂತು. ನಮ್ಮೂರಿನ ಚಿತ್ರಕತೆಗಳ ಇತಿಹಾಸದಲ್ಲಿ ಕನ್ನಡದ ಪಾಲು ದೊಡ್ಡದು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಗೆ ಬಂದ ಅನಂತ ಪೈ ಅವರು 1967ರಲ್ಲಿ ಅಮರ ಚಿತ್ರಕಥಾ, 1980ರಲ್ಲಿ ಟಿಂಕಲ್ ಶುರು ಮಾಡಿದರು. ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನಿಂದ ಕನ್ನಡದಲ್ಲಿ ಅಮರ ಚಿತ್ರಕಥಾ ಹೆಸರಿನಲ್ಲೇ ಪುಸ್ತಕಗಳು ಬಂದಿದ್ದವು. ಇಂಗ್ಲಿಷ್ ಸರಣಿಯ ಮೊದಲ ಪುಸ್ತಕವಾದ ಕೃಷ್ಣನ ಕತೆಗೆ 11ನೇ ನಂಬರ್ ಬಿದ್ದದ್ದು ಅದಕ್ಕೇ, ಮೊದಲ ಹತ್ತು ಕನ್ನಡದವು. ಇದನ್ನು ಮಗನಿಗೆ ಹೇಳಿ, ಕಾಮಿಕ್ಸ್ ಓದುವವರಿಗೆ ಇಂಥ ಗುಟ್ಟು ಬಹಳ ಇಷ್ಟ. ಚಿತ್ರ ನೋಡಿ ಮುಂದಿನದನ್ನು ಊಹಿಸುವುದೂ ಓದೇ. ಓದಲಿ ಬಿಡಿ. ಜೊತೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಚಿತ್ರಗಳಿರುವ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟ ಒಂದರಿಂದ ನಾಲ್ಕು ಎಂದು ಗುರುತು ಹಾಕಿರುತ್ತಾರೆ. ಒಂಬತ್ತು ವರ್ಷದವನಿಗೆ ಒಂದನೇ ಮಟ್ಟದ್ದು ಕೊಟ್ಟರೆ "ಇದು ಪಾಪುಗಳದ್ದು" ಎಂದು ಮುನಿಯುತ್ತಾನೆ. ಮೂರನೆಯದನ್ನು ನೀವು ಓದಿ ಹೇಳಿ.

ಹತ್ತು ಪುಸ್ತಕ ಹೇಳುವುದಿಲ್ಲ. ಹತ್ತು ಹೇಳಿದರೆ ನೀವು ಹತ್ತನ್ನೂ ಒಟ್ಟಿಗೆ ತರಿಸುತ್ತೀರಿ, ಶೋಕೇಸಿನಲ್ಲಿ ಇಡುತ್ತೀರಿ. ಮಗನಿಗೆ ಮೊದಲು ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ನೋಡಿ. 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಇದಕ್ಕೆ. ಹಾಲಾಡಿ ನಿಮ್ಮ ಕಡೆಯದೇ ಊರು. ಶಿಫಾರಸಿಗೆ ಪ್ರಶಸ್ತಿ ಕಾರಣವಲ್ಲ, ಪ್ರಶಸ್ತಿ ಕೊಡುವವರೆಲ್ಲ ದೊಡ್ಡವರು, ಅಲ್ವಾ? ನಿಮ್ಮೂರಿನ ಕಡೆಯವರು ಬರೆದದ್ದು ನಿಮ್ಮ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ ಎಂಬ ಆಸೆ ಅಷ್ಟೇ. ಮುಳುಗಡೆಯ ಬದುಕನ್ನೇ ಜೀವಮಾನವಿಡೀ ಬರೆದ ನಾ. ಡಿಸೋಜ ಅವರು ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' ಇನ್ನೊಂದು. ಇದನ್ನು ಸ್ವಲ್ಪ ತಡೆದು ಕೊಡಿ, ಹನ್ನೊಂದು ಹನ್ನೆರಡರ ಹೊತ್ತಿಗೆ. ಬಿಲ್ಡಿಂಗಿನಲ್ಲಿ ಇನ್ನೂ ನಾಲ್ಕು ಕನ್ನಡ ಮಕ್ಕಳು ಸಿಕ್ಕರೆ ವೈದೇಹಿಯವರ ಮಕ್ಕಳ ನಾಟಕ ಒಂದನ್ನು ತನ್ನಿ. ಷೇಕ್ಸ್‌ಪಿಯರನ ಟೆಂಪೆಸ್ಟ್ ನಾಟಕ ಅವರ ಕೈಯಲ್ಲಿ 'ಧಾಂ ಧೂಂ ಸುಂಟರಗಾಳಿ' ಆಗಿದೆ. ಗಣೇಶೋತ್ಸವಕ್ಕೆ ಆಡಬಹುದು. ಮಾತು ಬಾಯಿಪಾಠ ಮಾಡುವಾಗ ಭಾಷೆ ತಾನಾಗಿ ಬರುತ್ತದೆ, ಯಾರೂ ಕಲಿಸುತ್ತಿಲ್ಲ ಎಂಬ ನೆಮ್ಮದಿಯಲ್ಲಿ.

ಮಗಳ ವಿಷಯ ಕಷ್ಟ. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಬರೆದವರಿದ್ದಾರೆ, ದೊಡ್ಡವರಿಗೆ ಬರೆದವರು ಬೇಕಾದಷ್ಟಿದ್ದಾರೆ. ನಡುವಿನ ಹದಿಮೂರರಿಂದ ಹದಿನೇಳರವರಿಗೆ ಎಂದೇ ಬರೆದ ಕಾದಂಬರಿ ಕನ್ನಡದಲ್ಲಿ ತೀರಾ ಕಮ್ಮಿ. ಬರೆಯುವವರು ಆ ವಯಸ್ಸಿಗೆ ಬಂದ ಕೂಡಲೇ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಹಾಗಾಗಿ ಕನ್ನಡದ ಹುಡುಗ ಹುಡುಗಿಯರು ತಲೆಮಾರುಗಳಿಂದ ಮಾಡುತ್ತಾ ಬಂದದ್ದನ್ನೇ ನಿಮ್ಮ ಮಗಳೂ ಮಾಡಬೇಕು: ಪೂರ್ಣಚಂದ್ರ ತೇಜಸ್ವಿಯವರ ಹತ್ತಿರ ಹೋಗಬೇಕು. 'ಕರ್ವಾಲೊ' ಬಂದದ್ದು 1980ರಲ್ಲಿ. ಒಬ್ಬ ವಿಜ್ಞಾನಿ, ಜೇನು ಹುಡುಕುವ ಮಂದಣ್ಣ, ಒಂದು ನಾಯಿ, ಮತ್ತು ಮಲೆನಾಡಿನ ಕಾಡಿನಲ್ಲಿ ಇದೆಯೋ ಇಲ್ಲವೋ ಎಂಬಂಥ ಒಂದು ಹಾರುವ ಓತಿ. ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ಅದು ಉದ್ದ ಎನಿಸಿದರೆ 'ಪರಿಸರದ ಕತೆ'ಯಿಂದ ಶುರು ಮಾಡಿ, ಬಿಡಿ ಬಿಡಿ ಪ್ರಸಂಗಗಳು, ನಗು ಜಾಸ್ತಿ. ಅವರೇ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಬೇಟೆ ಕತೆಗಳಲ್ಲಿ ನರಭಕ್ಷಕ ಹುಲಿಗಳಿವೆ. ರಕ್ತ ಬೇಕು ಎನ್ನುವವಳಿಗೆ ಅಲ್ಲಿ ಕೊರತೆಯಿಲ್ಲ. ತೇಜಸ್ವಿಯವರದೇ ಕಾದಂಬರಿ 'ಜುಗಾರಿ ಕ್ರಾಸ್' ಇನ್ನೂ ಒಂದೆರಡು ವರ್ಷ ಬಿಟ್ಟು.

ಆಮೇಲೆ ಮುಂಬಯಿಯದೇ ಕನ್ನಡ ಕತೆಗಳು. ಜಯಂತ ಕಾಯ್ಕಿಣಿ ಈ ಊರಿನಲ್ಲಿ ವರ್ಷಗಟ್ಟಲೆ ಇದ್ದು ಬರೆದವರು. ಸಿನಿಮಾದ ಸ್ಟಂಟ್ ಮಾಡುವವನ ಮೇಲಿನ 'ತೂಫಾನ್ ಮೇಲ್' ಕತೆ ಅವಳಿಗೆ ಹಿಡಿಸಬಹುದು. ತನ್ನ ಲೋಕಲ್ಲು, ತನ್ನ ಗಲ್ಲಿ ಕನ್ನಡದಲ್ಲೂ ಇದೆ ಎಂದು ತಿಳಿದರೆ ಆ ಭಾಷೆ ಬರೀ ಅಜ್ಜಿಮನೆಯದು ಎಂಬ ಭಾವನೆ ಸಡಿಲವಾಗುತ್ತದೆ. ಲಿಪಿ ಬರುವವರೆಗೆ ಇಂಗ್ಲಿಷಿನಲ್ಲೇ ಓದಲಿ. ಅವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಬಹುಮಾನ ಪಡೆದ ಪುಸ್ತಕ. ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಮಾತ್ರ ಈಗ ಕೊಡಬೇಡಿ. ಅದು ಮುಂಬಯಿಯ ದೊಡ್ಡ ಕಾದಂಬರಿ, ಆದರೆ ಆಫೀಸಿನಲ್ಲಿ ಒಮ್ಮೆ ಪೆಟ್ಟು ತಿಂದವರಿಗೇ ಅದು ಪೂರ್ತಿ ತಟ್ಟುವುದು. ನೀವು ಓದಿ.

ಮರಾಠಿಯನ್ನೂ ಬಿಡಬೇಡಿ. ಭಾ. ರಾ. ಭಾಗವತರ ಫಾಸ್ಟರ್ ಫೇಣೆ ಎಂಬ ಪುಣೆಯ ತುಂಟ ಹುಡುಗ ನಿಮ್ಮ ಮಗನಿಗೆ ಸರಿಯಾದ ಗೆಳೆಯ. ಬಾಲಭಾರತಿಯದೇ 'ಕಿಶೋರ' ಮಾಸಿಕ 1971ರಿಂದ ಬರುತ್ತಿದೆ. ಇಲ್ಲಿ ಹುಟ್ಟಿದ ಮಗುವಿಗೆ ಮರಾಠಿ ಕತೆ ಓದುವುದು ಕನ್ನಡಕ್ಕೆ ಮಾಡುವ ಮೋಸ ಎಂಬಂತೆ ಮಾತಾಡುವ ಹಿರಿಯರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಪುಸ್ತಕ ಎಲ್ಲಿ ಸಿಗುತ್ತದೆ? ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಮಗಳಿಗೆ ಇಂಗ್ಲಿಷಿನವು ಅಗ್ಗದಲ್ಲಿ ಸಿಗುತ್ತವೆ, ಕನ್ನಡದ್ದನ್ನು ಅಲ್ಲಿ ಹುಡುಕಬೇಡಿ. ಅಲ್ಲೇ ಹತ್ತಿರ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಪಶ್ಚಿಮಕ್ಕೆ ದಾಟಿದರೆ ಕರ್ನಾಟಕ ಸಂಘ. ಕಾರ್ಯಕ್ರಮವಿರುವ ದಿನ ಹೋದರೆ ಪುಸ್ತಕದ ಬಗ್ಗೆ ಮಾತಾಡುವವರು ಸಿಗುತ್ತಾರೆ, ಮನೆಯಿಂದ ತಂದು ಕೊಡುವವರೂ ಸಿಗುತ್ತಾರೆ. ಇಲ್ಲದಿದ್ದರೆ ಬೆಂಗಳೂರಿನ ಪ್ರಕಾಶಕರು ಅಂಚೆಯಲ್ಲಿ ಕಳಿಸುತ್ತಾರೆ. ಒಂದು ಸಲಕ್ಕೆ ಎರಡು ಪುಸ್ತಕ, ಅದಕ್ಕಿಂತ ಹೆಚ್ಚು ಬೇಡ. ಮೊದಲು ನೀವು ಓದಿ. ನಿಮಗೇ ಬೇಸರ ಬಂದ ಪುಸ್ತಕವನ್ನು ಮಕ್ಕಳಿಗೆ ದಾಟಿಸಬೇಡಿ, ಬರೆದವರು ಎಷ್ಟೇ ದೊಡ್ಡವರಿರಲಿ. ಮಗ ಹತ್ತನೇ ಪುಟಕ್ಕೆ ಬಿಟ್ಟರೆ ಬಿಡಲಿ, ಆರು ತಿಂಗಳು ಬಿಟ್ಟು ಅವನ ಕೈಗೆ ಸಿಗುವ ಹಾಗೆ ಎಲ್ಲೋ ಇಡಿ.

'ಕರ್ವಾಲೊ' ಮುಗಿದ ಮೇಲೆ ಮಗಳು ಏನೆಂದಳು ಎಂದು ನಮಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಸಂತೋಷ. ಇಂಗ್ಲಿಷಿನಲ್ಲಿ ಬರೆದರೂ ಸರಿ, ಮರಾಠಿಯಲ್ಲಾದರೂ ಸರಿ, ನಾವು ಕನ್ನಡಕ್ಕೆ ತಂದು ಹಾಕುತ್ತೇವೆ. ಬೋರ್ ಆಯಿತು ಎಂದು ಬರೆದರೂ ಹಾಕುತ್ತೇವೆ, ಯಾವ ಪುಟದಲ್ಲಿ ಬೋರ್ ಆಯಿತು ಎಂದು ಮಾತ್ರ ಹೇಳಬೇಕು.